ಕಾಲು ತೊಳೆಯುವ ಸರದಿ

ಅಕ್ಟೋಬರ್ ತಿಂಗಳ ಎರಡನೆಯ ಶನಿವಾರ. ಶೆನಂಡೋವ ಕಣಿವೆಯ ಸೇಬಿನ ತೋಟಗಳಲ್ಲಿ ಕೊನೆಯ ಕೊಯ್ಲು ಮುಗಿದು, ಉದುರಿದ ಹಣ್ಣಿಗೆ ಕಣಜಗಳು ಮುತ್ತುವ ಕಾಲ. ಹೀಟ್‌ವೋಲ್ ಕುಟುಂಬದ ಮನೆಯ ಹಿತ್ತಿಲಲ್ಲಿ ಬೆಳಗಿನ ಆರು ಗಂಟೆಗೇ ಬೆಂಕಿ ಹತ್ತಿತ್ತು. ಮುಕ್ಕಾಲಿಯ ಮೇಲೆ ದೊಡ್ಡ ತಾಮ್ರದ ಕೊಪ್ಪರಿಗೆ. ಅದರೊಳಗೆ ಹಿಂದಿನ ದಿನ ಮನೆಯವರೆಲ್ಲ ಕೂತು ಸಿಪ್ಪೆ ತೆಗೆದು ಹೆಚ್ಚಿದ ಸೇಬು, ಸೇಬಿನ ರಸದಲ್ಲಿಯೇ ಕುದಿಯುತ್ತಿತ್ತು. ಅದು ಕಪ್ಪಗೆ ಗಟ್ಟಿಯಾಗಿ ಪಾಕಕ್ಕೆ ಬರಲು ಸಂಜೆ ನಾಲ್ಕಾಗಬೇಕು. ಅಲ್ಲಿಯವರೆಗೆ ಉದ್ದ ಹಿಡಿಯ ಮರದ ಹುಟ್ಟು ಒಂದು ಗಳಿಗೆಯೂ ನಿಲ್ಲುವಂತಿಲ್ಲ. ನಿಂತರೆ ತಳ ಹಿಡಿಯುತ್ತದೆ. ತಳ ಹಿಡಿದರೆ ಇಡೀ ಕೊಪ್ಪರಿಗೆ ಹಂದಿಯ ಪಾಲು.

"ಅಂಚಲ್ಲಿ ಎರಡು ಸುತ್ತು, ನಡುವೆ ಒಂದು ಸಲ," ಎಂದಳು ಸಲೋಮಿ. ಅರವತ್ತೆಂಟರ ಹೆಂಗಸು, ತಲೆಯ ಮೇಲೆ ತೆಳುವಾದ ಬಿಳಿ ತಲೆಗವಸು, ಕಾಲಿಗೆ ಸತ್ತ ಗಂಡನ ರಬ್ಬರ್ ಬೂಟು. "ತೋಳಿನಿಂದ ಅಲ್ಲ ಮಗಳೇ, ಸೊಂಟದಿಂದ. ತೋಳಿಂದ ತಿರುವಿದ್ರೆ ಹತ್ತು ಗಂಟೆಗೇ ಅಳ್ತೀಯ."

"ನಾನು ಟರ್ಕಿ ಕೋಳಿ ಕೊಯ್ಯೋ ಕಡೆ ಕೆಲಸ ಮಾಡೋಳು ಸಿಸ್ಟರ್. ಅಳೋದೆಲ್ಲ ಮೊದಲನೇ ವಾರವೇ ಮುಗೀತು," ಎಂದಳು ಮಿಸ್ಟಿ.

ಮಿಸ್ಟಿಗೆ ಇಪ್ಪತ್ತಾರು. ಗುಡ್ಡದ ಕಡೆಯವಳು, ಕುಡಿತ, ಜಗಳ, ಎರಡು ಸಲ ಪೊಲೀಸು, ಎಲ್ಲ ಕಂಡು ಕಳೆದ ಚಳಿಗಾಲದಲ್ಲಿ ಒಬ್ಬಳೇ ಸಭೆಯ ಬಾಗಿಲಿಗೆ ಬಂದು ಕೊನೆಯ ಬೆಂಚಿನಲ್ಲಿ ಕೂತಿದ್ದಳು. ಹೆಂಗಸರನ್ನು ಸಿಸ್ಟರ್ ಎಂದೇ ಕರೆಯುವ ನಮ್ಮ ಕ್ರೈಸ್ತ ಸಭೆಯಲ್ಲಿ ಹೊಸದಾಗಿ ಬಂದವರನ್ನು ಹಾಗೇ ಬಿಡುವುದಿಲ್ಲ. ಹಿರಿಯ ಹೆಂಗಸೊಬ್ಬಳನ್ನು ಜೊತೆಗಾತಿಯಾಗಿ ಒಪ್ಪಿಸುತ್ತಾರೆ. ಓದಿಸುವುದು, ಪ್ರಾರ್ಥನೆ ಕಲಿಸುವುದು, ಬಿದ್ದರೆ ಎತ್ತುವುದು ಅವಳ ಕೆಲಸ. ದೀಕ್ಷಾಸ್ನಾನದ ದಿನ ಹಿಂದೆ ನಿಂತು, ನೀರು ಬಿದ್ದ ತಲೆಗೆ ಬಿಳಿ ತಲೆಗವಸು ತೊಡಿಸುವವಳೂ ಅವಳೇ. ಸಲೋಮಿ ಹೀಗೆ ಎಂಟು ಹೆಣ್ಣುಮಕ್ಕಳನ್ನು ದಾಟಿಸಿದವಳು. ಮಿಸ್ಟಿ ಒಂಬತ್ತನೆಯವಳು. ಈ ತಿಂಗಳು ಕಳೆದ ಮೇಲಿನ ಮೊದಲ ಭಾನುವಾರ ಅವಳ ದೀಕ್ಷಾಸ್ನಾನ, ಅದೇ ದಿನ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನ, ಅದರ ಹಿಂದೆಯೇ ಒಬ್ಬರು ಇನ್ನೊಬ್ಬರ ಕಾಲು ತೊಳೆಯುವುದು.

"ಅದಕ್ಕೆ ಮುಂಚೆ ನಿಮ್ಮಮ್ಮನ ಹತ್ರ ಹೋಗಿ ಬಾ," ಎಂದಳು ಸಲೋಮಿ, ಬೆಂಕಿಗೆ ಒಂದು ಸೌದೆ ದೂಡುತ್ತ.

ಮಿಸ್ಟಿಯ ಹುಟ್ಟು ನಿಧಾನವಾಯಿತು. "ಮನೆಯಿಂದ ಆಚೆ ತಳ್ಳಿದ್ದು ಅವಳು. ಬಟ್ಟೆನೆಲ್ಲ ಅಂಗಳಕ್ಕೆ ಎಸೆದಿದ್ದು ಅವಳು. ನಾನ್ಯಾಕೆ ಹೋಗ್ಲಿ?"

"ಹುಟ್ಟು ನಿಲ್ಲಿಸ್ಬೇಡ. ನೀನು ಏನಂದಿದ್ದೆ ಅವಳಿಗೆ?"

"...ಸಾಯಿ ಅಂದಿದ್ದೆ."

"ಹಾಗಾದ್ರೆ ಹೋಗು. ಯಾರು ಮೊದಲು ಅಂತ ಲೆಕ್ಕ ಹಾಕ್ತಾ ಕೂತ್ರೆ ಯಾರೂ ಹೋಗಲ್ಲ. ಗೊತ್ತಿರೋರು ಹೋಗಬೇಕು. ನಿನಗೆ ಗೊತ್ತಿದೆ, ನೀನು ಹೋಗು."

ಅಡುಗೆಮನೆಯ ಮೆಟ್ಟಿಲ ಮೇಲೆ ಬಾಟಲಿಗಳನ್ನು ಬಿಸಿನೀರಿಗೆ ಅದ್ದಿ ಅದ್ದಿ ತೆಗೆಯುತ್ತಿದ್ದ ಸೊಸೆ ಟ್ವೈಲಾ ತಲೆಯೆತ್ತಿ ಒಮ್ಮೆ ಅತ್ತೆಯನ್ನು ನೋಡಿದಳು. ಬಾಟಲಿಗಳು ಇನ್ನೂ ಐವತ್ತಿದ್ದವು.

ಸಂಜೆ ಬಾಟಲಿಗಳಿಗೆ ಪಾಕ ತುಂಬಿದ ಮೇಲೆ ಸಲೋಮಿ ಮಿಸ್ಟಿಯ ಕೈಗೆ ಎರಡು ಬಾಟಲಿ ಕೊಟ್ಟಳು. "ಒಂದು ನಿಮ್ಮಮ್ಮನಿಗೆ. ಬರಿಗೈಲಿ ಹೋಗ್ಬೇಡ. ಇನ್ನೊಂದು ನಿನಗೆ ಯಾರಿಗೆ ಕೊಡಬೇಕು ಅನ್ಸತ್ತೋ ಅವರಿಗೆ."

*

ಮಂಗಳವಾರ ಮತ್ತು ಶುಕ್ರವಾರ ಸಂಜೆ ಅಡುಗೆಮನೆಯ ಮೇಜು ಮಿಸ್ಟಿಯ ಪಾಠಕ್ಕೆ ಮೀಸಲು. ಐದು ಗಂಟೆಗೇ ಊಟ ಮುಗಿಸಿ, ತಟ್ಟೆಗಳನ್ನೆಲ್ಲ ತೆಗೆದು, ಮೇಜು ಒರೆಸಿ ಕೊಡಬೇಕು. ಟ್ವೈಲಾ ಶಾಲೆಯ ಅಡುಗೆಮನೆಯಲ್ಲಿ ಮಧ್ಯಾಹ್ನದವರೆಗೆ ಮುನ್ನೂರು ಮಕ್ಕಳಿಗೆ ಬೇಯಿಸಿ, ಮನೆಗೆ ಬಂದು ಇಲ್ಲಿಯವರಿಗೆ ಬೇಯಿಸುವವಳು. ಆ ಮಂಗಳವಾರ ಹಂದಿಮಾಂಸ, ಹುರುಳಿಕಾಯಿ, ಆಲೂಗಡ್ಡೆ ಬೆಂದಿದ್ದವು. ಮಗ ಲೋವೆಲ್ ಟರ್ಕಿ ಕೊಟ್ಟಿಗೆಯಿಂದ ಹಾಗೇ ಬಂದು ಕೂತಿದ್ದ. ಅವನ ಕೂದಲಲ್ಲಿ ಪುಕ್ಕ ಸಿಕ್ಕಿಕೊಂಡಿತ್ತು.

"ಕೈ ತೊಳ್ದ್ರಾ?" ಎಂದಳು ಟ್ವೈಲಾ.

"ತೊಳ್ದೆ."

"ಯಾವ ವರ್ಷ?"

ಲೋವೆಲ್ ಎದ್ದು ಹೋಗಿ ತೊಳೆದು ಬಂದ. ಪ್ರಾರ್ಥನೆಯಾಯಿತು. ಹದಿನಾರು ವರ್ಷದ ಮಗಳು ಲಿಯಾನ್ ತಟ್ಟೆಗೆ ಎರಡೇ ಆಲೂಗಡ್ಡೆ ಹಾಕಿಕೊಂಡು, "ಇವತ್ತು ನಾನೆಲ್ಲಿ ಕೂತು ಓದ್ಲಿ?" ಎಂದಳು.

"ಬಟ್ಟೆ ಒಗೆಯೋ ಮೆಷಿನ್ ಮೇಲೆ," ಎಂದಳು ಟ್ವೈಲಾ. "ಫೆಬ್ರವರಿಯಿಂದ ಅಲ್ಲೇ ತಾನೇ ಓದ್ತಿರೋದು. ಮೆಷಿನ್ನಿಗೂ ಬೀಜಗಣಿತ ಬಂದಿರಬೇಕು."

"ಬರೀ ಎರಡು ಗಂಟೆ ಹೊತ್ತು," ಎಂದಳು ಸಲೋಮಿ. "ಆ ಹುಡುಗಿಗೆ ಕೂತು ಊಟ ಮಾಡೋ ಮೇಜೇ ಇರಲಿಲ್ಲ ಟ್ವೈಲಾ. ನಿಂತ್ಕೊಂಡು ತಿಂದು ಬೆಳೆದೋಳು."

"ನಾನೂ ನಿಂತ್ಕೊಂಡೇ ತಿನ್ನೋದು ಅತ್ತೆ. ನೀವು ನೋಡಿಲ್ಲ ಅಷ್ಟೆ."

ಲೋವೆಲ್ ಬ್ರೆಡ್ಡಿಗೆ ಕೈ ಚಾಚಿದ. "ಗುರುವಾರ ಲಾರಿ ಬರತ್ತೆ. ಎಂಟು ಸಾವಿರ ಕೋಳಿ ತುಂಬಬೇಕು. ಜಗಳ ಇದ್ರೆ ಶುಕ್ರವಾರಕ್ಕೆ ಇಟ್ಕೊಳ್ಳಿ."

"ಶುಕ್ರವಾರ ಮಿಸ್ಟಿ ಬರ್ತಾಳಲ್ಲ," ಎಂದಳು ಲಿಯಾನ್. ಆಮೇಲೆ ಯಾರ ಮುಖವನ್ನೂ ನೋಡದೆ, "ಅಜ್ಜಿ ನನ್ನ ಮಾತ್ರ ಯಾವತ್ತೂ ಕೇಳಿಲ್ಲ. ನೀನು ಪ್ರಾರ್ಥನೆ ಮಾಡ್ತೀಯಾ, ನಿನಗೆ ನಂಬಿಕೆ ಇದೆಯಾ ಅಂತ," ಎಂದಳು.

"ನೀನು ಮನೇ ಮಗು. ನಿನಗೆ ಯಾಕೆ ಕೇಳ್ಬೇಕು?" ಎಂದಳು ಸಲೋಮಿ, ನಿಜವಾಗಿಯೂ ಆಶ್ಚರ್ಯದಿಂದ.

"ಅದೇ," ಎಂದು ಲಿಯಾನ್ ತಟ್ಟೆ ಎತ್ತಿಕೊಂಡು ಎದ್ದಳು. ಹೊರಗೆ ಮಿಸ್ಟಿಯ ಹಳೆಯ ಕಾರು ಕೆಮ್ಮುತ್ತ ನಿಂತಿತು.

*

ಶುಕ್ರವಾರ ಮಿಸ್ಟಿ ಬಂದಾಗ ಅವಳ ಕೈಯಲ್ಲಿ ಸೇಬಿನ ಪಾಕದ ಒಂದು ಬಾಟಲಿ ಇತ್ತು. ಅದನ್ನು ಮೇಜಿನ ನಡುವೆ ಇಟ್ಟು, ಕೋಟು ತೆಗೆಯದೇ ಕೂತಳು. ಟ್ವೈಲಾ ಪಾತ್ರೆ ತೊಳೆಯುತ್ತಿದ್ದಳು.

"ಹೋಗಿದ್ಯಾ?" ಎಂದಳು ಸಲೋಮಿ.

"ಹೋಗಿದ್ದೆ. ನಾನಂದಿದ್ದು ತಪ್ಪು ಅಂದೆ. 'ಯಾಕ್ ಬಂದೆ, ದುಡ್ಡು ಬೇಕಾ' ಅಂದ್ಲು. ಬೇಡ ಅಂದೆ. ಬಾಟಲಿ ತಗೊಂಡ್ಲು. ಬಾಗಿಲು ಹಾಕ್ಕೊಂಡ್ಲು."

"ನಿನ್ನ ಪಾಲಿಂದು ನೀನು ಮಾಡಿದೆ. ದೇವರು ನೋಡಿದಾನೆ."

"ಇದು ಇನ್ನೊಂದು." ಮಿಸ್ಟಿ ಬಾಟಲಿಯನ್ನು ಬೆರಳಿನಿಂದ ಮುಟ್ಟಿದಳು. "ಸಿಸ್ಟರ್ ರೀಬಾಗೆ ಅಂತ ತಗೊಂಡು ಹೋಗಿದ್ದೆ. ಚಳಿಗಾಲದಲ್ಲಿ ನನಗೆ ಕೋಟು ಕೊಟ್ಟಿದ್ದು ಅವ್ರು. ಕಿಟಕಿ ಹತ್ರ ಬೆಳಕಿಗೆ ಹಿಡಿದು ನೋಡಿದ್ರು. 'ತಾಮ್ರದ ಕೊಪ್ಪರಿಗೇದಾ' ಅಂತ ಕೇಳಿದ್ರು. ಹೌದು ಅಂದೆ. 'ಇದು ನನ್ನ ಗಂಟಲಲ್ಲಿ ಇಳಿಯಲ್ಲ ಮಗಳೇ, ತಪ್ಪು ತಿಳೀಬೇಡ' ಅಂದು ವಾಪಸ್ ಕೊಟ್ರು. ಅವರು ನಿಮ್ಮ ತಂಗಿ ಅಂತ ನನಗೆ ಗೊತ್ತೇ ಇರಲಿಲ್ಲ. ಎಂಟು ತಿಂಗಳಾಯ್ತು ನಾನು ಬರ್ತಾ. ನೀವು ಒಂದು ಸಲ ಹೇಳಿಲ್ಲ."

ಸಿಂಕಿನಲ್ಲಿ ನೀರಿನ ಸದ್ದು ನಿಂತಿತು.

ಸಲೋಮಿ ಏಪ್ರನ್ನಿನ ಅಂಚಿನಿಂದ ಬಾಟಲಿಯ ಮುಚ್ಚಳ ಒರೆಸಿದಳು. ಅದರ ಮೇಲೆ ಒರೆಸುವಂಥದ್ದೇನೂ ಇರಲಿಲ್ಲ. ಆಮೇಲೆ ಹೇಳಿದಳು. ಹತ್ತೊಂಬತ್ತು ವರ್ಷದ ಹಿಂದಿನ ಮಾತು. ಅವರಮ್ಮ ನಾಲ್ಕು ವರ್ಷ ಹಾಸಿಗೆ ಹಿಡಿದಿದ್ದು ರೀಬಾಳ ಆರೈಕೆಯಲ್ಲಿ. ಮಲ ಮೂತ್ರ ಎಲ್ಲ ಅವಳೇ. ಸಾಯುವ ಮುಂಚೆ ಅಮ್ಮ ಮನೆಯನ್ನು ರೀಬಾಳ ಹೆಸರಿಗೆ ಬರೆದಳು. ಮನೆಯ ಸಾಮಾನನ್ನು ಮಾತ್ರ, ನಮ್ಮಲ್ಲಿ ರೂಢಿಯಿರುವ ಹಾಗೆ, ಮಕ್ಕಳು ಮಕ್ಕಳೇ ಅಂಗಳದಲ್ಲಿ ಸೇರಿ ಸವಾಲು ಕೂಗಿ ಕೊಂಡರು. ಕೊಪ್ಪರಿಗೆಯ ಸರದಿ ಬಂದಾಗ ರೀಬಾ ಕೈ ಎತ್ತಿದಳು. ಸಲೋಮಿಯೂ ಎತ್ತಿದಳು. ರೀಬಾ ಮತ್ತೆ ಎತ್ತಿದಳು. ಆಗ ಸಲೋಮಿ ಎಲ್ಲರಿಗೂ ಕೇಳಿಸುವ ಹಾಗೆ ಒಂದು ಮಾತು ಹೇಳಿದಳು.

"ಏನಂದ್ರಿ?" ಎಂದಳು ಮಿಸ್ಟಿ.

"ನಾಲ್ಕು ವರ್ಷ ಹೇಲು ಬಾಚಿದ್ದಕ್ಕೆ ಕೂಲಿ ಅಂತ ಮನೆ ಸಿಕ್ತಲ್ಲ, ಕೊಪ್ಪರಿಗೆ ಬೇರೆ ಬೇಕಾ ಅಂದೆ."

ಟ್ವೈಲಾ ಕೈ ಒರೆಸಿಕೊಳ್ಳುವ ಬಟ್ಟೆ ಹಿಡಿದು ಹಾಗೇ ನಿಂತಳು. ಈ ಮನೆಗೆ ಬಂದು ಹದಿನೆಂಟು ವರ್ಷವಾದರೂ ಅವಳು ಈ ಮಾತನ್ನು ಕೇಳಿರಲಿಲ್ಲ.

"ಅವರು?" ಎಂದಳು ಮಿಸ್ಟಿ.

"ಕೈ ಇಳಿಸಿದ್ಲು."

"ಆಮೇಲೆ ನೀವು ಹೋಗಿ ಕ್ಷಮೆ ಕೇಳ್ಕೊಂಡ್ರಾ?"

"ನಾವು ಮಾತಾಡ್ತೀವಿ ಮಗಳೇ. ಬೀನ್ಸ್ ಹೇಗೆ ಬಂದಿದೆ, ಮೊಣಕಾಲು ಹೇಗಿದೆ. ಜಗಳ ಏನಿಲ್ಲ."

"ನಮ್ಮಮ್ಮನೂ ನಂಜೊತೆ ಮಾತಾಡ್ತಾಳೆ ಸಿಸ್ಟರ್. 'ಯಾಕ್ ಬಂದೆ' ಅಂತಾಳೆ." ಮಿಸ್ಟಿ ಬೆರಳು ಮಡಿಸಿದಳು. "ವರ್ಷಕ್ಕೆ ಎರಡು ಸಲ ಭೋಜನ. ಪ್ರತಿ ಸಲವೂ ಅದಕ್ಕೆ ಮುಂಚೆ ಹಿಂದಿನ ಕೋಣೆಗೆ ಹೋಗಿ 'ದೇವರ ಜೊತೆಗೂ ಮನುಷ್ಯರ ಜೊತೆಗೂ ನನಗೆ ಸಮಾಧಾನ ಇದೆ' ಅಂತ ಹೇಳಬೇಕು. ನೀವೇ ಕಲಿಸಿದ್ದು. ಮೂವತ್ತೆಂಟು ಸಲ ಹೇಳಿದೀರಾ?"

ಸಭೆಯಲ್ಲಿ ಸಲೋಮಿ ಮುಂದಿನ ಬೆಂಚಿನಲ್ಲಿ, ರೀಬಾ ಹಿಂದಿನ ಬೆಂಚಿನಲ್ಲಿ. ಕಾಲು ತೊಳೆಯುವಾಗ ಪಕ್ಕದಲ್ಲಿ ಕೂತವರೇ ಜೋಡಿ. ಹತ್ತೊಂಬತ್ತು ವರ್ಷ ಜಾಗ ಬದಲಾಗಿರಲಿಲ್ಲ. ಅದು ಯಾರೂ ಆಡದ, ಎಲ್ಲರೂ ಬಲ್ಲ ಏರ್ಪಾಡು.

"ಗೊತ್ತಿರೋರು ಹೋಗಬೇಕು ಅಂದಿದ್ರಿ," ಎಂದಳು ಮಿಸ್ಟಿ. ಅವಳ ದನಿಯಲ್ಲಿ ಕೋಪಕ್ಕಿಂತ ದಣಿವಿತ್ತು. "ನಾನು ಹೋದೆ. ಆ ಬಾಗಿಲ ಮುಂದೆ ನಾಯಿ ಥರ ನಿಂತೆ. ಬರೀ ಬಾಯಲ್ಲಿ ಹೇಳೋದಾದ್ರೆ, ಅಂಥವರ ಜೊತೆ ನಾನು ಮುಂಚೆನೂ ಇದ್ದೆ. ಅದಕ್ಕೆ ತಲೆಗೆ ನೀರು ಹಾಕಿಸ್ಕೋಬೇಕಾಗಿಲ್ಲ."

"ಮಂಗಳವಾರ ಬರ್ತೀಯಾ?"

"ಗೊತ್ತಿಲ್ಲ."

ಕಾರಿನ ಸದ್ದು ದೂರವಾದ ಮೇಲೆ ಟ್ವೈಲಾ ಬಾಟಲಿಯನ್ನು ಕಪಾಟಿಗೆ ಎತ್ತಿಡಲು ಬಂದಳು. ಸಲೋಮಿ, "ಅದು ಇಲ್ಲೇ ಇರ್ಲಿ," ಎಂದಳು.

ಮಂಗಳವಾರ ಮಿಸ್ಟಿ ಬರಲಿಲ್ಲ. ಮೇಜು ಒರೆಸಿ ಖಾಲಿ ಇತ್ತು. ಲಿಯಾನ್ ಪುಸ್ತಕ ತಂದು ಒಂದು ತುದಿಗೆ ಕೂತಳು. ಸಲೋಮಿ ಇನ್ನೊಂದು ತುದಿಯಲ್ಲಿ ಮಿಸ್ಟಿಗೆಂದು ತೆಗೆದಿಟ್ಟ ಬಿಳಿ ಬಟ್ಟೆಗೆ ಸಣ್ಣ ನೆರಿಗೆ ಹಿಡಿಯುತ್ತಿದ್ದಳು. ಎರಡು ಸಲ ಹೊಲಿದು ಎರಡು ಸಲ ಬಿಚ್ಚಿದಳು. ಶುಕ್ರವಾರವೂ ಮಿಸ್ಟಿ ಬರಲಿಲ್ಲ.

*

ಭೋಜನಕ್ಕೆ ಒಂದು ವಾರ ಮುಂಚಿನ ಭಾನುವಾರ ಸಭೆಯ ಹಿಂದಿನ ಕೋಣೆಯಲ್ಲಿ ಸಭೆ ನಡೆಸುವ ಹಿರಿಯರಾದ ವೆಂಗರ್ ಕೂತಿದ್ದರು. ಬೆಂಚಿಗೆ ಬೆಂಚು ಹೆಂಗಸರು ಎದ್ದು ಹೋಗಿ, ಒಬ್ಬೊಬ್ಬರಾಗಿ ಆ ಒಂದು ವಾಕ್ಯ ಹೇಳಿ ಬರುತ್ತಿದ್ದರು. ಹತ್ತು ಜನಕ್ಕೆ ಐದು ನಿಮಿಷ ಸಾಕು. ಸಲೋಮಿಯ ಹಿಂದೆಯೇ ಟ್ವೈಲಾ ಇದ್ದಳು.

"ದೇವರ ಜೊತೆಗೂ..." ಎಂದು ಶುರುಮಾಡಿ ಸಲೋಮಿ ನಿಲ್ಲಿಸಿದಳು. ವೆಂಗರ್ ಅಭ್ಯಾಸದಂತೆ ಆಗಲೇ ತಲೆಯಾಡಿಸಿ ಮುಂದಿನವಳ ಕಡೆ ನೋಡುತ್ತಿದ್ದರು.

"ಇಲ್ಲ," ಎಂದಳು ಸಲೋಮಿ. "ನನಗೆ ಒಬ್ಬಳ ಜೊತೆ ಸಮಾಧಾನ ಇಲ್ಲ. ಈ ಸಲ ಭೋಜನಕ್ಕೆ ನನ್ನ ಬಿಟ್ಟುಬಿಡಿ."

ವೆಂಗರ್ ಕನ್ನಡಕ ತೆಗೆದರು. "ಸಿಸ್ಟರ್, ಆ ಹುಡುಗಿ ಹಿಂದೆ ನಿಲ್ಲೋಳು ನೀವು. ಭೋಜನ ಬಿಟ್ಟೋರು ನಿಲ್ಲೋ ಹಾಗಿಲ್ಲ."

"ಗೊತ್ತು."

"ಇನ್ನೂ ಒಂದು ವಾರ ಇದೆ."

"ಹತ್ತೊಂಬತ್ತು ವರ್ಷ ಇತ್ತು," ಎಂದಳು ಸಲೋಮಿ.

ಮನೆಗೆ ಬರುವ ದಾರಿಯಲ್ಲಿ ಲೋವೆಲ್ ಸ್ಟೀರಿಂಗ್ ಮೇಲೆ ಕೈ ಬಡಿದ. "ಅಮ್ಮ, ನಾನು ಈ ವರ್ಷ ಸಭೆಯ ಭಾನುವಾರದ ಶಾಲೆ ನೋಡ್ಕೊಳ್ಳೋನು. ಎಲ್ಲರೂ ನನ್ನ ಮುಖ ನೋಡ್ತಿದ್ರು. ಮೊದಲು ಮನೇಲಿ ಹೇಳಬಹುದಿತ್ತಲ್ಲ?"

"ಹೇಳಿದ್ರೆ ಏನ್ಮಾಡ್ತಿದ್ದೆ?"

"ಏನೋ ಒಂದು. ರೀಬಾ ಚಿಕ್ಕಮ್ಮನ ಹತ್ರ ನಾನೇ ಮಾತಾಡ್ತಿದ್ದೆ."

"ನನ್ನ ಬಾಯಿಂದ ಬಂದಿದ್ದನ್ನ ನೀನು ಒರೆಸ್ತೀಯಾ?"

"ಸುಮ್ನಿರ್ರೀ," ಎಂದಳು ಟ್ವೈಲಾ ಗಂಡನಿಗೆ. ಲಿಯಾನ್ ಕಿಟಕಿಯ ಕಡೆ ಮುಖ ಮಾಡಿದ್ದವಳು ತಿರುಗಿ ಅಜ್ಜಿಯನ್ನು ನೋಡಿದಳು. ಮನೆ ಬರುವವರೆಗೂ ನೋಡುತ್ತಲೇ ಇದ್ದಳು.

ಊರಲ್ಲಿ ಸುದ್ದಿ ನಿಲ್ಲುವುದಿಲ್ಲ. ಮಂಗಳವಾರ ಐದೂವರೆಗೆ ಮಿಸ್ಟಿಯ ಕಾರು ಬಂತು. ಬಾಗಿಲಲ್ಲೇ ನಿಂತು, "ಹಾಗಂದ್ರಂತೆ?" ಎಂದಳು.

"ಅಂದೆ. ಒಳಗೆ ಬಾ, ಚಳಿ ಬರ್ತಿದೆ."

"ಮತ್ತೆ ಭಾನುವಾರ ನನ್ನ ಹಿಂದೆ ಯಾರು?"

ಸಲೋಮಿ ಹೊಲಿದು ಮುಗಿಸಿದ್ದ ತಲೆಗವಸನ್ನು ಮೇಜಿನ ಮೇಲೆ ಬಿಡಿಸಿಟ್ಟಳು. ಒಲೆಯ ಮುಂದೆ ನಿಂತು ಮರುದಿನದ ಸಾರು ಕಲಕುತ್ತಿದ್ದ ಸೊಸೆಯ ಬೆನ್ನಿಗೆ ಹೇಳಿದಳು: "ಟ್ವೈಲಾ, ನೀನು ನಿಲ್ತೀಯಾ?"

ಟ್ವೈಲಾ ತಿರುಗಲಿಲ್ಲ. "ಹದಿನೆಂಟು ವರ್ಷದಲ್ಲಿ ಮೊದಲನೇ ಸಲ ನನ್ನ ಏನೋ ಕೇಳ್ತಿದೀರಿ. ಇಷ್ಟು ದಿನ ಬರೀ ಹೇಳ್ತಿದ್ರಿ."

"ಹೌದು. ಕೇಳ್ತಿದೀನಿ."

"ನನಗೆ ಓದ್ಸೋಕೆಲ್ಲ ಬರಲ್ಲ."

"ನಂಗೂ ಓದಕ್ಕೆ ಬರಲ್ಲ," ಎಂದಳು ಮಿಸ್ಟಿ. "ಆದ್ರೆ ನೀವು ಡಬ್ಬಿಗೆ ಹಾಕಿ ಕೊಟ್ಟ ಸಾರು ತಿಂದು ಎಂಟು ತಿಂಗಳು ಬದುಕಿದೀನಿ."

ಟ್ವೈಲಾ ಸೌಟಿನಿಂದ ಪಾತ್ರೆಯ ಅಂಚು ಎರಡು ಸಲ ತಟ್ಟಿದಳು. "ನಿಲ್ತೀನಿ. ಕೂತ್ಕೋ. ಲಿಯಾನ್, ಪುಸ್ತಕ ತೆಗೀಬೇಡ, ಮೇಜು ದೊಡ್ಡದೇ ಇದೆ."

*

ಬುಧವಾರ ಶಾಲೆ ಬಿಟ್ಟ ಮೇಲೆ ಲಿಯಾನ್ ಪಿಕಪ್ ಗಾಡಿ ಓಡಿಸಿದಳು. ಲೈಸೆನ್ಸ್ ಸಿಕ್ಕಿ ಎರಡು ತಿಂಗಳಾಗಿತ್ತು. ಹಿಂದೆ ಹಾಸಿದ ಗೋಣಿಚೀಲದ ಮೇಲೆ ಕೊಪ್ಪರಿಗೆ, ಉಪ್ಪು ವಿನಿಗರ್ ಹಾಕಿ ಉಜ್ಜಿ ಕೆಂಪಗಾಗಿತ್ತು. ಪಕ್ಕದಲ್ಲಿ ಸಲೋಮಿ, ತೊಡೆಯ ಮೇಲೆ ಆ ಬಾಟಲಿ.

"ಅಜ್ಜಿ, ಭಯ ಆಗ್ತಿದೆಯಾ?"

"ನಿನ್ನ ಡ್ರೈವಿಂಗಿಗಾ?"

"ಅಜ್ಜೀ."

"ಆಗ್ತಿದೆ," ಎಂದಳು ಸಲೋಮಿ. ಸ್ವಲ್ಪ ದೂರ ಹೋದ ಮೇಲೆ, "ನಿನಗೆ ನಂಬಿಕೆ ಇದೆಯಾ ಮಗು?" ಎಂದು ಕೇಳಿದಳು.

ಲಿಯಾನ್ ರಸ್ತೆಯ ಮೇಲಿಂದ ಕಣ್ಣು ತೆಗೆಯಲಿಲ್ಲ. "ಕೆಲವು ದಿನ ಇರತ್ತೆ. ಕೆಲವು ದಿನ ಇರಲ್ಲ."

ಸಲೋಮಿಗೆ ಎಂಟು ಜನಕ್ಕೆ ಹೇಳಿದ ಉತ್ತರಗಳು ಬಾಯಿಗೆ ಬಂದವು. "ಇಲ್ಲದ ದಿನ ನಂಗೆ ಬಂದು ಹೇಳು," ಎಂದಷ್ಟೇ ಹೇಳಿದಳು.

ರೀಬಾ ತರಕಾರಿ ಮಡಿಯಲ್ಲಿ ಒಣಗಿದ ಟೊಮೇಟೊ ಬಳ್ಳಿ ಕೀಳುತ್ತಿದ್ದಳು. ಗಾಡಿಯ ಸದ್ದಿಗೆ ನೆಟ್ಟಗಾದಳು. ಕೊಪ್ಪರಿಗೆ ನೋಡಿದಳು. ಅಕ್ಕನನ್ನು ನೋಡಿದಳು. ಮತ್ತೆ ಬಗ್ಗಿ ಇನ್ನೊಂದು ಬಳ್ಳಿ ಕಿತ್ತಳು.

"ರೀಬಾ, ಆವತ್ತು ಅಂಗಳದಲ್ಲಿ ನಾನು ಆಡಿದ್ದು..."

"ಯಾವ ಮಾತು ಅಂತ ಹೇಳು. ಬಾಯಿ ಬಿಟ್ಟು ಹೇಳು."

ಸಲೋಮಿ ಹೇಳಿದಳು. ಒಂದಕ್ಷರ ಬಿಡದೆ, ಮೊಮ್ಮಗಳ ಎದುರಿಗೆ. ಹೇಳಿ, "ಅದು ಸುಳ್ಳು. ನೀನು ಮಾಡಿದ್ದು ಕೂಲಿಗಲ್ಲ. ನಾನು ಮಾಡಬೇಕಾಗಿದ್ದನ್ನೂ ನೀನೇ ಮಾಡಿದೆ. ಅದಕ್ಕೇ ಹೊಟ್ಟೆ ಉರೀತು. ಕ್ಷಮಿಸು," ಎಂದಳು.

ರೀಬಾ ಕೈಯ ಮಣ್ಣು ಉದುರಿಸಿಕೊಂಡಳು. "ಅಮ್ಮ ಕೊನೇ ವರ್ಷ ಆ ಕಿಟಕಿಯಿಂದ ಈ ಕೊಪ್ಪರಿಗೇನ ನೋಡ್ತಾ ಇದ್ಲು. ನನ್ನ ಹೆಸರು ಮರ್ತಿದ್ಲು, ಇದನ್ನ ಮರ್ತಿರಲಿಲ್ಲ. ಅದಕ್ಕೆ ಕೈ ಎತ್ತಿದ್ದು ನಾನು. ಈಗ ಭುಜ ಬಿದ್ದು ಹೋಗಿದೆ, ಹುಟ್ಟು ಹಿಡಿಯಕ್ಕಾಗಲ್ಲ. ಈಗ ತಂದು ಕೊಡ್ತಿದೀಯ."

"ತಡ ಆಯ್ತು."

"ಆಯ್ತು." ರೀಬಾ ಲಿಯಾನ್ ಕಡೆ ತಿರುಗಿದಳು. "ಮಗಾ, ಅದನ್ನ ಆ ಪಂಪಿನ ಹತ್ರ ಇಳಿಸು. ಬೋರಲು ಹಾಕು, ಇಲ್ದಿದ್ರೆ ನೀರು ನಿಲ್ಲುತ್ತೆ." ಆಮೇಲೆ ಅಕ್ಕನಿಗೆ, "ನೀನು ಹೇಳಿದ್ದು ಕೇಳಿಸ್ಕೊಂಡೆ. ನಾನು ಹೇಳಬೇಕಾಗಿರೋದು ನನಗಿನ್ನೂ ಬರ್ತಿಲ್ಲ. ಬರೀ ಬಾಯಲ್ಲಿ ಹೇಳು ಅಂದ್ರೆ ಹೇಳ್ತೀನಿ. ಬೇಕಾ?"

"ಬೇಡ," ಎಂದಳು ಸಲೋಮಿ.

ಅವಳು ಬಾಟಲಿಯನ್ನು ಚಾಚಿದಳು. ರೀಬಾ ತಲೆಯಲ್ಲಾಡಿಸಿದಳು. ಬಾಟಲಿ ಮತ್ತೆ ಪಿಕಪ್‌ನಲ್ಲಿ ಮನೆಗೆ ಬಂತು.

*

ಭಾನುವಾರ ಮಿಸ್ಟಿಯ ತಲೆಯ ಮೇಲೆ ವೆಂಗರ್ ಮೂರು ಸಲ ನೀರು ಸುರಿದರು. ಹಿಂದೆ ನಿಂತಿದ್ದ ಟ್ವೈಲಾ ತೊಡಿಸಿದ ತಲೆಗವಸು ಸ್ವಲ್ಪ ಸೊಟ್ಟಗೆ ಕೂತಿತು; ಮಿಸ್ಟಿಯೇ ಅದನ್ನು ನೆಟ್ಟಗೆ ಮಾಡಿಕೊಂಡಳು. ಮಿಸ್ಟಿಯ ಅಮ್ಮ ಬಂದಿರಲಿಲ್ಲ. ಸಲೋಮಿ ಗೋಡೆಯ ಪಕ್ಕದ ಬೆಂಚಿನಲ್ಲಿ ಕೂತು, ರೊಟ್ಟಿಯೂ ಬಟ್ಟಲೂ ತನ್ನನ್ನು ದಾಟಿ ಹೋಗುವುದನ್ನು ನೋಡಿದಳು. ಕೆಲವರು ಅವಳ ಕಡೆ ನೋಡದಿರಲು ಕಷ್ಟಪಟ್ಟರು.

ಬೋಗುಣಿ, ಟವೆಲ್ಲು ಬಂದವು. ಹೆಂಗಸರು ಕಾಲುಚೀಲ ತೆಗೆದರು. ಟ್ವೈಲಾಳ ಪಕ್ಕದಲ್ಲಿ ಕೂತಿದ್ದ ಮಿಸ್ಟಿ ಎದ್ದು, ರೂಢಿ ಗೊತ್ತಿಲ್ಲದವಳ ಹಾಗೆ ಬೋಗುಣಿ ಹಿಡಿದು ಹಿಂದಿನ ಬೆಂಚಿನವರೆಗೂ ನಡೆದಳು. ರೀಬಾಳ ಮುಂದೆ ಮಂಡಿಯೂರಿದಳು. ರೀಬಾ ಅವಳನ್ನೇ ನೋಡಿ, ಬಲಗಾಲು ನೀರಿಗಿಟ್ಟಳು. ಆಮೇಲೆ ಬಿದ್ದ ಭುಜವನ್ನು ಕಷ್ಟದಿಂದ ಇಳಿಸಿ ಮಿಸ್ಟಿಯ ಕಾಲು ತೊಳೆದಳು, ಬೆರಳ ಸಂದಿಯನ್ನೂ ಬಿಡದೆ, ಮಲಗಿದವರನ್ನು ತೊಳೆದು ಅಭ್ಯಾಸವಾದ ಕೈಯಿಂದ. ಸಲೋಮಿ ತನ್ನ ಶೂಗಳನ್ನು ಬಿಚ್ಚಲಿಲ್ಲ. ಕಣ್ಣನ್ನೂ ತೆಗೆಯಲಿಲ್ಲ.

ಮಧ್ಯಾಹ್ನದ ಊಟಕ್ಕೆ ಕೋಳಿ, ಬಿಸಿ ಬನ್ನು. ಮೇಜಿನ ಸುತ್ತ ಐದು ಜನ. ಮಿಸ್ಟಿಯ ಕೂದಲು ಇನ್ನೂ ಒದ್ದೆಯಿತ್ತು. ಲೋವೆಲ್ ಎರಡನೆಯ ಬನ್ನನ್ನು ಮುರಿಯುತ್ತ, "ಮುಂದಿನ ವರ್ಷ ಸೇಬಿನ ಪಾಕ ಯಾವುದ್ರಲ್ಲಿ ಕಾಯ್ಸೋದು?" ಎಂದ.

"ಕೇಳಿ ತರಬೇಕು," ಎಂದಳು ಸಲೋಮಿ.

"ಕೊಡದಿದ್ರೆ?"

"ಕೊಡದಿದ್ರೆ ಇಲ್ಲ."

ಬನ್ನಿಗೆ ಹಚ್ಚಲು ಲಿಯಾನ್ ಎದ್ದು ಕಪಾಟಿನ ಹತ್ತಿರ ಹೋದಳು. ಬಾಟಲಿಗಳ ಸಾಲಿನಿಂದ ಸ್ವಲ್ಪ ದೂರ ಒಂದು ಬಾಟಲಿ ಒಂಟಿಯಾಗಿ ನಿಂತಿತ್ತು. ಅವಳ ಕೈ ಅದಕ್ಕೇ ಹೋಯಿತು.

"ಅದನ್ನ ತೆಗೀಬೇಡ ಮಗು," ಎಂದಳು ಸಲೋಮಿ. "ಬೇರೆ ತಗೋ. ಅದು ನಮ್ಮದಲ್ಲ."